ಜವನ ಹಾತೆ ಹೊಕ್ಕ ಮನೆ

ಒಂದು ಊರಿತ್ತಂತೆ. ಹೆಸರು ಕೇಳಬೇಡಿ. ಹೆಸರು ಹೇಳಿದರೆ, ಓ ಅದು ಇನ್ಯಾರದೋ ಊರು ಅಂತ ಮಗ್ಗುಲು ಬದಲಾಯಿಸಿ ಮಲಗಿಬಿಡುತ್ತೀರಿ. ಮಲಗಬೇಡಿ, ಕೇಳಿ.

ಆ ಊರಿನ ಸುತ್ತ ಕೆಂಪು ಮಣ್ಣು, ಮಣ್ಣಿನ ತುಂಬ ಎಳ್ಳು. ಮನೆಮನೆಗೂ ಜೇನು. ಕಾಡಿಗೆ ಹೋಗಿ ಕಿತ್ತು ತರುವ ಜೇನಲ್ಲ. ಮನೆ ಕಟ್ಟುವಾಗಲೇ ಹಿತ್ತಿಲ ಗೋಡೆಯಲ್ಲಿ ಒಂದು ಮಡಕೆಯನ್ನು ಅಡ್ಡಲಾಗಿ ಹುದುಗಿಸುತ್ತಿದ್ದರಂತೆ. ಮಡಕೆಯ ತಳಕ್ಕೆ ತೂತು ಕೊರೆದು ಅದನ್ನು ಆಚೆಗೆ ತಿರುಗಿಸಿ, ಬಾಯಿಯನ್ನು ಮನೆಯೊಳಕ್ಕೆ ಬಿಟ್ಟು, ಬಾಯಿಗೆ ಮುತ್ತುಗದೆಲೆಯ ತಟ್ಟೆ ಮುಚ್ಚುವುದು. ತುಡುವೆ ಹುಳ ಆಚೆಯಿಂದ ಓಡಾಡಿ ಕಟ್ಟುತ್ತಿದ್ದವು, ಮನೆಯವರು ಒಳಗಿನಿಂದ ತಟ್ಟೆ ತೆಗೆದು ಜೇನುತುಪ್ಪ ಇಳಿಸುತ್ತಿದ್ದರು. ಎಳ್ಳು ಹೂ ಬಿಟ್ಟರೆ ಜೇನು, ಜೇನು ಓಡಾಡಿದರೆ ಎಳ್ಳು. ಅಷ್ಟೇ ಬದುಕು. ಸಾಕಾಗುತ್ತಿತ್ತು.

ಸಾಕಾಗುತ್ತಿತ್ತು, ದೊರೆ ಇಲ್ಲದಿದ್ದರೆ.

ದೊರೆಗೊಬ್ಬ ಜೋಯಿಸ. ದೊರೆಗೆ ಹೊಟ್ಟೆ, ಜೋಯಿಸನಿಗೆ ಬಾಯಿ. ಆ ಹೊಟ್ಟೆಗೆ ಏನು ಬೇಕೋ ಅದನ್ನು ಈ ಬಾಯಿ ಶಾಸ್ತ್ರ ಅಂತ ಹೇಳುತ್ತಿತ್ತು. ಗೂಡಿನ ತೂತು ಅಂಗೈ ಅಗಲ ಇರಬೇಕು, ಅದು ಲಕ್ಷ್ಮಿ ಬರುವ ಬಾಗಿಲು, ಕಿರಿದು ಮಾಡಿದ ಮನೆ ಹಾಳಾಗುತ್ತದೆ ಅಂತ ಹೇಳಿತ್ತು. ಜನ ವರ್ಷವರ್ಷ ತೂತಿನ ಸುತ್ತ ಕೆಮ್ಮಣ್ಣು ಬಳಿದು, ಅಂಗೈ ಇಟ್ಟು ಅಳೆದು, ಅರಿಸಿನ ಹಚ್ಚುತ್ತಿದ್ದರಂತೆ.

ಇನ್ನೊಂದು ಶಾಸ್ತ್ರ ಹಾತೆಯದು.

ಮಳೆಗಾಲದ ಮುಸ್ಸಂಜೆಯಲ್ಲಿ ಒಂದು ಹಾತೆ ಬರುತ್ತಿತ್ತು. ದೀಪದ ಸುತ್ತ ಸುತ್ತಿ ಸಾಯುವ ಪುಡಿ ಹಾತೆಯಲ್ಲ. ಗುಬ್ಬಿಯಷ್ಟು ದಪ್ಪ ಮೈ. ಮೇಲಿನ ರೆಕ್ಕೆ ಒಲೆಯ ಮಸಿ, ಒಳಗಿನ ರೆಕ್ಕೆ ಅರಿಸಿನ, ಹೊಟ್ಟೆಗೆ ಹಳದಿ ಕಪ್ಪು ಪಟ್ಟೆ. ಬೆನ್ನ ಮೇಲೆ ಮನುಷ್ಯನ ಬುರುಡೆ. ಎರಡು ಕಣ್ಣಿನ ಗುಳಿ, ಕೆಳಗೆ ದವಡೆ, ಯಾರೋ ಬರೆದಿಟ್ಟ ಹಾಗೆ. ಮುಟ್ಟಿದರೆ ಇಲಿಮರಿಯ ಹಾಗೆ ಕೀಚ್ ಕೀಚ್ ಅನ್ನುತ್ತಿತ್ತು. ಜನ ಅದಕ್ಕೆ ಜವನ ಹಾತೆ ಅಂತ ಹೆಸರಿಟ್ಟಿದ್ದರು.

ಜವನ ಹಾತೆ ಹೊಕ್ಕ ಮನೆ ಜವನ ಮನೆ ಅಂತ ಶಾಸ್ತ್ರ. ಮನೆಯವರು ದೀಪ ಹಚ್ಚುವ ಮೊದಲೇ ಉಟ್ಟ ಬಟ್ಟೆಯಲ್ಲಿ ಆಚೆ ಬರಬೇಕು. ಬೇರೆ ಯಾರೂ, ಬೀಗರೂ ಕೂಡ, ಅವರನ್ನು ಮನೆಯೊಳಗೆ ಸೇರಿಸಬಾರದು. ಒಲೆಯ ಕೆಂಡ ಕೂಡ ಮುಟ್ಟಬಾರದು. ಯುಗಾದಿ ಚಂದ್ರ ಕಾಣುವವರೆಗೆ ಬಾಗಿಲಿಗೆ ಬೀಗ. ಆ ಮನೆಯ ಜೇನು ದೊರೆಗೆ, ಆ ಮನೆಯ ಎಳ್ಳು ದೊರೆಗೆ. ಹೊಲದ ಮಣ್ಣನ್ನು ಒಂದು ಮಡಕೆಗೆ ತುಂಬಿ, ಬಟ್ಟೆ ಕಟ್ಟಿ, ಅದನ್ನೂ ದೊರೆಯ ಉಗ್ರಾಣದಲ್ಲಿ ಇಡಬೇಕು. ಅದು ಪಾಪದ ಮಡಕೆ. ಯುಗಾದಿಗೆ ಮಡಕೆ ವಾಪಸು ಬಂದರೆ ಬೀಗದ ಕೈಯೂ ವಾಪಸು.

"ನಿಮ್ಮ ಪಾಪ ನಾನು ತಿಂತೀನಿ ಕಣ್ರಪ್ಪ," ಅನ್ನುತ್ತಿದ್ದನಂತೆ ದೊರೆ. ಪಾಪ ತಿಂದವನು ಸೊರಗಬೇಕಲ್ಲ? ಅವನ ಹೊಟ್ಟೆ ನೋಡಿದರೆ ಪಾಪದಷ್ಟು ಪುಷ್ಟಿಯ ತಿಂಡಿ ಲೋಕದಲ್ಲಿ ಇನ್ನೊಂದಿಲ್ಲ ಅನ್ನಿಸುತ್ತಿತ್ತು.

ಆ ಊರಿನಲ್ಲಿ ಜುಂಜಕ್ಕ ಅಂತ ಒಬ್ಬ ಹೆಂಗಸಿದ್ದಳು. ಮಗಳು ಮೂಡ್ಲಿ ಚಿಕ್ಕವಳಿದ್ದಾಗ ಅವಳ ಮನೆಗೂ ಹಾತೆ ಹೊಕ್ಕಿತ್ತು. ಗಂಡ ಹೆಂಡತಿ ಮಗು ಮೂವರೂ ಊರಾಚೆಯ ಸೂರಿಲ್ಲದ ಮಂಟಪದಲ್ಲಿ ಮಳೆಗಾಲ ಕಳೆದರು. ಗಂಡ ನೆನೆದ, ಕೆಮ್ಮಿದ, ಸತ್ತ. ಊರವರು ಬಂದು ನೋಡಿ, "ನೋಡಿದ್ರಾ? ಹಾತೆ ಸುಳ್ಳು ಹೇಳಲ್ಲ," ಅಂದರು. ಜುಂಜಕ್ಕನೂ ಹಾಗೆಯೇ ನಂಬಿದಳು. ನಂಬಿ, ಹಾತೆಗೆ ಶಾಪ ಹಾಕಿ, ಮಗಳನ್ನು ಸಾಕಿ, ಪಕ್ಕದೂರಿಗೆ ಮದುವೆ ಮಾಡಿ ಕೊಟ್ಟಳು.

ಈಗ ಮೂಡ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ತುಂಬಿತ್ತು. ಜುಂಜಕ್ಕ ಬಾಣಂತಿ ಕೋಣೆಗೆ ಸಗಣಿ ಸಾರಿಸಿ, ಕೊಬ್ಬರಿ, ಬೆಲ್ಲ, ಒಣಶುಂಠಿ ಎಲ್ಲ ಕೂಡಿಟ್ಟಿದ್ದಳು. ಆ ಮುಸ್ಸಂಜೆ ಮಗಳಿಗೆ ಚೂರು ಜೇನುತುಪ್ಪ ಇಳಿಸೋಣ ಅಂತ ಗೂಡಿನ ಎಲೆತಟ್ಟೆ ಸರಿಸಿದಳು. ಒಳಗಿನಿಂದ ಕೀಚ್ ಅಂತು. ಬುರುಡೆ ಹೊತ್ತ ಹಾತೆ ಜೇನಿನ ಅಮಲಿನಲ್ಲಿ ತೂರಾಡುತ್ತ ಹೊರಬಂದು ಅವಳ ಸೆರಗಿನ ಮೇಲೆ ಕೂತಿತು.

ಮೂಡ್ಲಿ ಕಿಟಾರನೆ ಕಿರುಚಿದಳು. ಅಷ್ಟು ಸಾಕಾಯಿತು. ಎದುರುಮನೆಯವರು ಬಂದರು, ಓಣಿಯವರು ಬಂದರು, ಹಿಂದೆಯೇ ಜೋಯಿಸ, ಜೋಯಿಸನ ಹಿಂದೆ ಬೀಗ ಹಿಡಿದ ಆಳು.

"ಹೊರಡವ್ವ," ಅಂದ ಜೋಯಿಸ.

"ಅಯ್ಯಾ, ಮಗಳು ತುಂಬು ಬಸುರಿ. ಹೆರಿಗೆಯೊಂದು ಆಗ್ಲಿ, ನಾನೇ ಬೀಗ ಹಾಕಿ ಕೈಗೆ ಕೊಡ್ತೀನಿ."

"ಜವನಿಗೆ ಬಸುರಿ ಬಾಣಂತಿ ಅಂತ ಉಂಟೇನವ್ವ? ಒಳಗೆ ಹೆತ್ತರೆ ಎರಡು ಹೆಣ."

ಜುಂಜಕ್ಕ ದೊರೆಯ ಜಗಲಿಗೆ ಓಡಿದಳು. ಸೆರಗು ಕೊರಳಿಗೆ ಸುತ್ತಿ ನಿಂತಳು. "ಬುದ್ಧಿ, ಕೋಣೆ ಬೇಡ. ದನದ ಹಟ್ಟಿ ಮೂಲೆ ಸಾಕು."

ದೊರೆ ಎಳ್ಳುಂಡೆ ಅಗಿಯುತ್ತಿದ್ದ. ನುಂಗಿ ಹೇಳಿದ: "ನಿನ್ನ ಮೇಲಿನ ಕರುಣೆಗೇ ಹೇಳ್ತಿರೋದು ಕಣೆ. ಹೊಲದ ಗುಡಿಸಲಿಗೆ ಹೋಗು. ಎಳ್ಳು ಹೇಗೂ ಕಾಯೋರು ಬೇಕು. ಕಾಯೋದು ನೀನು, ಕೊಯ್ಯೋದೂ ನೀನು, ಹೊತ್ತು ತರೋದೂ ನೀನು. ಪಾಪ ಮಾತ್ರ ನಂದು."

ಹೊಲದ ಗುಡಿಸಲು ಅಂದರೆ ನಾಲ್ಕು ಗೂಟ, ಮೇಲೆ ಸೋಗೆ. ಮಳೆ ಮೇಲಿನಿಂದಲೂ ಬರುತ್ತಿತ್ತು, ಕೆಳಗಿನಿಂದಲೂ ಬರುತ್ತಿತ್ತು. ನೀರು ಆಚೆ ಹರಿಯಲಿ ಅಂತ ಜುಂಜಕ್ಕ ಗುಡಿಸಲ ಸುತ್ತ ನೇಗಿಲ ಕುಳದಿಂದ ಕಾಲುವೆ ತೋಡತೊಡಗಿದಳು. ಎಳ್ಳಿನ ಸಾಲಿನ ಬುಡದಲ್ಲಿ ಕುಳ ಒಂದು ಸಣ್ಣ ಮಣ್ಣಿನ ಗೂಡನ್ನು ಒಡೆಯಿತು. ಒಳಗೆ ಹೆಬ್ಬೆರಳಿನಷ್ಟು ಉದ್ದದ ಒಂದು ಕಾಯಿ. ಹುಣಸೆ ಬೀಜದ ಬಣ್ಣ, ಎಣ್ಣೆ ಹಚ್ಚಿದ ಹಾಗೆ ಹೊಳಪು. ಕೈಗೆ ತಗೊಂಡರೆ ಬಾಲ ಮಾತ್ರ ಅತ್ತ ಇತ್ತ ಆಡಿಸಿತು.

"ಯವ್ವಾ, ಏನದು? ಬಿಸಾಕು!" ಅಂದಳು ಮೂಡ್ಲಿ.

"ಜೀವ ಐತೆ ಕಣೆ. ನಿನ್ನಂಗೇ ಮಲಗೈತೆ. ಇರ್ಲಿ ಬಿಡು."

ಪಾಪದ ಮಣ್ಣಿಗೆ ಅಂತ ಕೊಟ್ಟಿದ್ದ ಮಡಕೆಯಲ್ಲಿ ಮಣ್ಣು ಹಾಕಿ, ಅದರಲ್ಲಿಟ್ಟು ಮರೆತಳು. ಮರೆಯದೆ ಏನು ಮಾಡಿಯಾಳು? ಮರುದಿನವೇ ಮೂಡ್ಲಿಗೆ ನೋವು ಬಂತು. ಸುರಿಯುವ ಮಳೆಯಲ್ಲಿ, ಒದ್ದೆ ಸೋಗೆಯ ಕೆಳಗೆ, ಸೂಲಗಿತ್ತಿಯೂ ತಾನೇ ತಾಯಿಯೂ ತಾನೇ ಆಗಿ ಜುಂಜಕ್ಕ ಮೊಮ್ಮಗಳನ್ನು ಕೈಗೆ ತಗೊಂಡಳು. ಕೂಸು ಅತ್ತಿತು. ಆದರೆ ಮೂಡ್ಲಿಯ ಮೈ ಸಂಜೆಗೆ ನಡುಗಲು ಶುರುವಾಯಿತು, ಬೆಳಗಿಗೆ ಸುಡಲು ಶುರುವಾಯಿತು. ಒಣ ನೆಲ ಬೇಕು, ಬೆಚ್ಚಗಿನ ಗೋಡೆ ಬೇಕು, ಒಲೆ ಬೇಕು. ಜುಂಜಕ್ಕ ಮತ್ತೆ ಊರಿಗೆ ಓಡಿದಳು. ತನ್ನ ಮನೆಯ ಬಾಗಿಲಲ್ಲಿ ಕೂತಿದ್ದ ಕಾವಲಿನವನ ಕಾಲು ಹಿಡಿದು, "ಬೂದಿ ಕೆದಕಿದ್ರೆ ನಾಕು ಕೆಂಡ ಸಿಗ್ತಾವೆ, ಕೊಡಪ್ಪ," ಅಂದಳು.

"ಕೆಂಡಾನೂ ಜವಂದೇ ಕಣಕ್ಕ," ಅಂದ ಅವನು.

ಬರಿಗೈಲಿ ಗುಡಿಸಲಿಗೆ ಬಂದಾಗ ಮುಸ್ಸಂಜೆ. ಮಣ್ಣಿನ ಮಡಕೆಯೊಳಗೆ ಪರಪರ ಸದ್ದು. ಜುಂಜಕ್ಕ ಬಗ್ಗಿ ನೋಡಿದಳು. ಮಲಗಿದ್ದ ಕಾಯಿ ಕಪ್ಪಾಗಿ ಬೆನ್ನಲ್ಲಿ ಬಿರಿದಿತ್ತು. ಒಂದು ಜೀವ ತೆವಳಿಕೊಂಡು ಗೂಟ ಹತ್ತಿತು. ಹಿಂಡಿಟ್ಟ ಒದ್ದೆ ಬಟ್ಟೆಯ ಹಾಗೆ ಮುದುಡಿದ ರೆಕ್ಕೆ. ನೋಡನೋಡುತ್ತ ರೆಕ್ಕೆ ಬಿಚ್ಚಿತು, ಉಬ್ಬಿತು, ಒಣಗಿತು. ಮಸಿ ಬಣ್ಣ ಬಂತು, ಅರಿಸಿನ ಬಂತು, ಬೆನ್ನ ಮೇಲೆ ಬುರುಡೆ ಬಂತು.

ಮೂಡ್ಲಿ ಕೂಸನ್ನು ಅವಚಿಕೊಂಡಳು. "ಯವ್ವಾ, ಜವ ಇಲ್ಲಿಗೂ ಬಂದ."

ಜುಂಜಕ್ಕ ಹೆದರಲಿಲ್ಲ. ಬಂದದ್ದಲ್ಲ ಅದು, ಅವಳ ಹೊಲದ ಮಣ್ಣಲ್ಲೇ ಹುಟ್ಟಿದ್ದು. ಎದ್ದು ಎಳ್ಳಿನ ಸಾಲಿಗೆ ಹೋಗಿ ಎಲೆ ತಿರುವಿ ನೋಡಿದಳು. ಎಲೆಯ ಕೆಳಗೆ ಸಾಸಿವೆ ಕಾಳಿನಂಥ ಹಸಿರು ಮೊಟ್ಟೆ. ಪಕ್ಕದ ಗಿಡದಲ್ಲಿ ಕೊಂಬಿನ ಹುಳ. ಊರಿನ ಮಕ್ಕಳೆಲ್ಲ ಬಲ್ಲ ಹುಳ ಅದು: ಬೆರಳಿಗಿಂತ ದಪ್ಪ, ಹಸಿರು ಮೈಗೆ ಓರೆ ಪಟ್ಟೆ, ಬಾಲದ ಮೇಲೆ ಕೊಕ್ಕೆಯಂಥ ಕೊಂಬು, ಚಿವುಟಿದರೆ ಹಲ್ಲು ಕಡಿದ ಹಾಗೆ ಟಿಕಟಿಕ ಸದ್ದು. ಎಳ್ಳಿನ ಎಲೆ ತಿಂದು ತಿಂದು ಬಲಿತದ್ದು ಒಂದು ಆಗಲೇ ಕೆಳಗಿಳಿದು ಮಣ್ಣು ಕೊರೆಯುತ್ತಿತ್ತು. ಕುಳ ಒಡೆದದ್ದು ಇಂಥದ್ದರ ಮನೆಯನ್ನೇ.

ಅಜ್ಜಿಯರ ಕಾಲದಿಂದ ಮಕ್ಕಳು ಆಡುತ್ತಿದ್ದ ಹುಳವೇ ಅದು. ಅದೇ ಮಣ್ಣಿಗಿಳಿದು ಹಾತೆಯಾಗಿ ಬಂದರೆ ಊರೆಲ್ಲ ಮನೆ ಬಿಟ್ಟು ಓಡುತ್ತಿತ್ತು.

"ನನ್ನ ಎಳ್ಳು ತಿಂದು, ನನ್ನ ಮಣ್ಣಲ್ಲಿ ಮಲಗಿ, ನನ್ನ ಜೇನು ನೆಕ್ಕಕ್ಕೆ ಬಂತು. ಇದು ಜವನಾ?" ಅಂದಳು ಜುಂಜಕ್ಕ. ಹಾಗಾದರೆ ಗಂಡನನ್ನು ಕೊಂದದ್ದು ಯಾವುದು? ಮಂಟಪದ ಮಳೆ. ಮಳೆಗೆ ತಳ್ಳಿದ್ದು ಯಾರು? ಇಷ್ಟು ವರ್ಷ ಅವಳು ಶಾಪವನ್ನು ಒಂದು ಹುಳಕ್ಕೆ ಹಾಕಿ ಹಾಳು ಮಾಡಿದ್ದಳು.

ಮೂಡ್ಲಿಯ ಜ್ವರ ಬಿಡುವುದು, ಮತ್ತೆ ಬರುವುದು ಮಾಡುತ್ತಿರುವಾಗಲೇ ಎಳ್ಳು ಬಲಿಯಿತು. ಜುಂಜಕ್ಕ ಕಿತ್ತಳು, ಒಣಗಿಸಿದಳು, ಕೊಡವಿದಳು, ಕುಕ್ಕೆ ಹೊತ್ತು ದೊರೆಯ ಮನೆಗೆ ಸೇರಿಕೊಂಡೇ ಇದ್ದ ಉಗ್ರಾಣಕ್ಕೆ ನಡೆದಳು. ಉಗ್ರಾಣದ ಗೋಡೆಯಲ್ಲೂ ಸಾಲಾಗಿ ಜೇನಿನ ಮಡಕೆ. ಸುರಿದು ತಿರುಗುವಾಗ ಆಚೆಯ ತೂತುಗಳ ಕಡೆ ಕಣ್ಣು ಹೋಯಿತು. ಹೋದದ್ದು ಅಲ್ಲೇ ನಿಂತಿತು.

ಒಂದೊಂದು ತೂತಿಗೂ ಒಂದೊಂದು ಮರದ ಬಿಲ್ಲೆ ಬಡಿದಿತ್ತು. ಬಿಲ್ಲೆಯಲ್ಲಿ ಸಣ್ಣ ಸಣ್ಣ ಕಂಡಿ. ತುಡುವೆ ಹುಳ ನುಸುಳಬಹುದು. ಹಾತೆ ನುಸುಳಲಾರದು. ಗೋಡೆಯ ಬುಡದಲ್ಲಿ, ಒಳಗೆ ಹೋಗಲಾರದೆ ಬಡಿದುಕೊಂಡು ಸತ್ತ ಹಾತೆಗಳು, ಬುರುಡೆ ಮೇಲಾಗಿ.

ಅವನಿಗೆ ಗೊತ್ತಿತ್ತು.

ಹಾತೆ ಬರುವುದು ಜೇನಿಗೆ ಅಂತ ಅವನಿಗೆ ಗೊತ್ತಿತ್ತು. ತೂತು ಕಿರಿದಾದರೆ ಒಳಗೆ ಬರುವುದಿಲ್ಲ ಅಂತ ಗೊತ್ತಿತ್ತು. ತನ್ನ ಗೂಡಿಗೆ ಬಿಲ್ಲೆ ಬಡಿದು, ಊರಿನ ಗೂಡಿಗೆ ಅಂಗೈ ಅಗಲ ತೂತು ಕೊರೆಸಿ, ಅದಕ್ಕೆ ಲಕ್ಷ್ಮಿಯ ಬಾಗಿಲು ಅಂತ ಹೆಸರಿಟ್ಟು, ಅವರ ಕೈಲೇ ಅರಿಸಿನ ಹಚ್ಚಿಸಿದ್ದ! ಜುಂಜಕ್ಕ ಅಲ್ಲಿ ಕಿರುಚಲಿಲ್ಲ. ಕಿರುಚಿದರೆ ಒಂಟಿ ಹೆಂಗಸಿನ ಹುಚ್ಚು ಅನ್ನುತ್ತಿದ್ದರು. ಖಾಲಿ ಕುಕ್ಕೆ ತಲೆ ಮೇಲೆ ಹಾಕಿಕೊಂಡು ಬಂದಳು.

ಆ ವರ್ಷ ಹಾತೆ ಹೊಕ್ಕ ಮನೆ ಏಳು. ಏಳು ಮನೆಯವರೂ ಹೊಲಗಳ ಗುಡಿಸಲಲ್ಲಿ ನೆನೆಯುತ್ತಿದ್ದರು. ಜುಂಜಕ್ಕ ಉಳಿದ ಆರು ಗುಡಿಸಲಿಗೂ ಹೋದಳು. "ಪಾಪದ ಮಡಕೆಗೆ ಮಣ್ಣು ತುಂಬ್ತೀರಲ್ಲ, ಎಳ್ಳಿನ ಬುಡ ಅಗೆದು ತುಂಬಿ. ಹಾತೆ ಹುಟ್ಟೋ ಕಾಯಿ ಸಿಕ್ತಾವೆ. ಕಪ್ಪಾಗಿರೋ ಕಾಯಿ ಆರಿಸಿ ಮಣ್ಣೊಳಗಿಡಿ. ಬಟ್ಟೆ ಸಡಿಲ ಕಟ್ಟಿ."

ಸಾಕಕ್ಕ ಅನ್ನುವ ಮುದುಕಿ ಕೈ ಹಿಂದಕ್ಕೆಳೆದುಕೊಂಡಳು. "ಜವನ ಕಾಯಿ ಮುಟ್ಲಾ ನಾನು? ನನ್ನ ಮಗ ಹೋದೋನು ಕಣೆ, ಗೊತ್ತಿಲ್ವಾ ನಿಂಗೆ?"

"ಯಾವುದರಿಂದ ಹೋದ?"

"ಹಾತೆ ಹೊಕ್ಕಿತ್ತಲ್ಲ."

"ಅದು ಬಿಡು. ಹೆಂಗೆ ಹೋದ, ಅದು ಹೇಳು."

"ಹೆಂಗೆ ಅಂದ್ರೆ... ಮಂಟಪದಲ್ಲಿ ಮಲಗಿದ್ವಿ. ಗೋಣಿತಾಟು ಒಂದೇ ಇತ್ತು. ಚಳಿಜ್ವರ ಬಂತು. ನೆಲ ಎಲ್ಲ ನೀರು, ಎಲ್ಲಿ ಅಂತ ಮಲಗಿಸ್ಲಿ..." ಆಮೇಲೆ ಮುದುಕಿ ಎದ್ದು, ಮೂಲೆಯ ಕುಳ ತಗೊಂಡು ಎಳ್ಳಿನ ಸಾಲಿಗೆ ಹೋದಳಂತೆ.

ಏಳು ಮಡಕೆ ಉಗ್ರಾಣ ಸೇರಿದವು. ಹೊತ್ತವರೂ ಅವರೇ, ಶಾಸ್ತ್ರದ ಪ್ರಕಾರ. ಪಾಪದ ಮಡಕೆಯನ್ನು ಬಿಚ್ಚಿ ನೋಡುವಂತಿಲ್ಲ, ಅದೂ ಶಾಸ್ತ್ರದ ಪ್ರಕಾರ. ದೊರೆ ಅವನ್ನು ಜೇನಿನ ಮಡಕೆಗಳ ಪಕ್ಕದಲ್ಲೇ ಇಡಿಸಿ ಬಾಗಿಲು ಹಾಕಿದ.

ಹೊಸ ಎಳ್ಳಿನ ಪೂಜೆಯ ದಿನ ಮುಸ್ಸಂಜೆಗೆ ಊರೆಲ್ಲ ಉಗ್ರಾಣದ ಅಂಗಳದಲ್ಲಿ ಸೇರುವುದು ವಾಡಿಕೆ. ದೊರೆ ಬಾಗಿಲು ತೆಗೆದು, ಊರವರದೇ ಎಳ್ಳಿಗೆ ಊರವರದೇ ಜೇನು ಕಲಸಿ, ಚಿಟಿಕೆ ಚಿಟಿಕೆ ಪ್ರಸಾದ ಅಂತ ಹಂಚುತ್ತಿದ್ದ. ತಗೊಂಡವರು ಕಾಲಿಗೆ ಬೀಳಬೇಕು. ಜುಂಜಕ್ಕ ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಮುಂದಿನ ಸಾಲಿನಲ್ಲೇ ನಿಂತಳು. ಮೂಡ್ಲಿ ಗುಡಿಸಲಲ್ಲಿ ಕಣ್ಣು ತೆರೆಯಲಾರದೆ ಮಲಗಿದ್ದಳು. ಇವತ್ತು ಮನೆ ಸಿಗದಿದ್ದರೆ ನಾಳೆ ಮಗಳಿಲ್ಲ ಅಂತ ಜುಂಜಕ್ಕನಿಗೆ ಗೊತ್ತಿತ್ತು.

ದೊರೆ ಬಾಗಿಲು ತೆಗೆದ.

ಕೀಚ್ ಅಂತು. ಒಂದಲ್ಲ. ಜೇನಿನ ತಟ್ಟೆಗಳ ಮೇಲೆ, ಎಳ್ಳಿನ ಕುಕ್ಕೆಗಳ ಮೇಲೆ, ತೊಲೆಯ ಮೇಲೆ, ಎಲ್ಲೆಲ್ಲೂ ಬುರುಡೆ. ಬೆಳಕು ಬಿದ್ದದ್ದೇ ತಡ ಎದ್ದು ಬಂದವು. ದೊರೆಯ ಪೇಟದ ಮೇಲೆ ಒಂದು, ಎದೆಯ ಮೇಲೆ ಎರಡು, ಹೊಟ್ಟೆಯ ಮೇಲಂತೂ ಸಾಲಾಗಿ ಕೂತವಂತೆ, ಅಲ್ಲಿ ಜಾಗ ಜಾಸ್ತಿ ಇತ್ತಲ್ಲ. ಜನ "ಅಯ್ಯಯ್ಯೋ" ಅಂತ ಹಿಂದೆ ಸರಿದರು.

ಜುಂಜಕ್ಕ ಸರಿಯಲಿಲ್ಲ. "ಬುದ್ಧಿ, ದೀಪ ಹಚ್ಚೋ ಹೊತ್ತಾಯ್ತು. ಉಟ್ಟ ಬಟ್ಟೇಲಿ ಹೊರಡಿ. ಕೆಂಡ ಮುಟ್ಟಬೇಡಿ."

ದೊರೆ ಜೋಯಿಸನ ಮುಖ ನೋಡಿದ. ಜೋಯಿಸ ಗಂಟಲು ಸರಿ ಮಾಡಿಕೊಂಡ. "ದೊರೆಗಳ ಮನೆಗೆ ಶಾಸ್ತ್ರ ಬೇರೆ. ಪರಿಹಾರ ಉಂಟು. ಒಂದು ಹಿಡಿ ಎಳ್ಳು ನೀವಾಳಿಸಿ ಎಸೆದರೆ..."

"ಒಂದು ಹಿಡಿ ಎಳ್ಳಾ?" ಅಂದಳು ಸಾಕಕ್ಕ. ಮುದುಕಿಯ ದನಿ ಅಂಗಳಕ್ಕೆಲ್ಲ ಕೇಳಿಸಿತು. "ಒಂದು ಹಿಡಿ ಎಳ್ಳಿಗೆ ಹೋಗೋದಾಗಿದ್ರೆ, ಹೊಲದ ತುಂಬ ಎಳ್ಳಿಟ್ಟುಕೊಂಡಿದ್ದೋಳಿಗೆ ಯಾಕಯ್ಯ ಹೇಳ್ಲಿಲ್ಲ? ನನ್ನ ಮಗ ಸಾಯೋ ಮುಂಚೆ ಯಾಕಯ್ಯ ಹೇಳ್ಲಿಲ್ಲ?"

ಜೋಯಿಸನ ಬಾಯಿ ಮೊದಲ ಸಲ ಮುಚ್ಚಿತು.

ಜುಂಜಕ್ಕ ದೊರೆಯ ಮುಂದೆ ಬಂದು ನಿಂತಳು. "ಎರಡೇ ಮಾತು. ಇದು ಜವ ಅಂದ್ರೆ ನೀವು ಆಚೆ ನಡೀರಿ. ಇದು ಹುಳ ಅಂದ್ರೆ ನಾವು ಮನೆಗೆ ನಡೀತೀವಿ. ಹೇಳಿ ಬುದ್ಧಿ. ಜವನಾ, ಹುಳನಾ?"

ದೊರೆ ಆಚೆ ನೋಡಿದ. ಮಳೆ ಶುರುವಾಗಿತ್ತು. ಒಳಗೆ ನೋಡಿದ. ಮೆತ್ತೆ, ಒಲೆ, ಜೇನು. ಬೆವರು ಒರೆಸಿಕೊಂಡು, "ಹುಳ," ಅಂದ.

"ಊರಿಗೆ ಕೇಳ್ಲಿಲ್ಲ."

"ಹುಳ ಕಣೆ! ಬರೀ ಹುಳ! ಎಳ್ಳು ತಿನ್ನೋ ಹುಳ, ಜೇನು ನೆಕ್ಕಕ್ಕೆ ಬರುತ್ತೆ! ಅಷ್ಟಕ್ಕೆ ಯಾಕೆ ಹಿಂಗಾಡ್ತೀರಿ?"

ಜುಂಜಕ್ಕ ಒಬ್ಬಳೇ ಗೋಡೆಯ ಹತ್ತಿರ ಹೋಗಿ ಒಂದು ತೂತಿನಿಂದ ಮರದ ಬಿಲ್ಲೆಯನ್ನು ಕಿತ್ತಳು. ಎತ್ತಿ ಹಿಡಿದಳು. "ನೋಡ್ರಪ್ಪ. ಊರಿಗೆ ಅಂಗೈ ಅಗಲ, ಇವನ ಮನೆಗೆ ಇಷ್ಟು. ಇವತ್ತು ಗೊತ್ತಾಗಿದ್ದಲ್ಲ ಇವನಿಗೆ. ಈ ಮರ ಎಷ್ಟು ಹಳೇದು ನೋಡಿ. ಇವನಪ್ಪನ ಕಾಲದ್ದು."

ಬಿಲ್ಲೆ ಕೈಯಿಂದ ಕೈಗೆ ಹೋಯಿತು. ಗಂಡನ್ನ ಕಳಕೊಂಡವಳು ಮುಟ್ಟಿದಳು, ಮಗನ್ನ ಕಳಕೊಂಡವಳು ಮುಟ್ಟಿದಳು, ಮೊಣಕಾಲುದ್ದದ ಮಗುವನ್ನು ಮಂಟಪದ ಹಿಂದೆ ಹೂತವನು ಮುಟ್ಟಿ ನೋಡಿದ. ಮರ ಸವೆದು ನುಣ್ಣಗಾಗಿತ್ತಂತೆ.

"ಹುಳ ಅಂದೆ," ಅಂದಳು ಜುಂಜಕ್ಕ. ಬುದ್ಧಿ ಅನ್ನುವ ಮಾತು ಅವಳ ಬಾಯಿಂದ ಬಿದ್ದುಹೋಗಿತ್ತು. "ಹುಳ ಆದ್ರೆ ನನ್ನ ಗಂಡನ್ನ ಕೊಂದೋರು ಯಾರೋ?"



ದೊರೆಯನ್ನು ಯಾರೂ ಹೊಡೆಯಲಿಲ್ಲವಂತೆ. ಹೊಡೆಯಬೇಕಿತ್ತು ಅನ್ನುವವರು ಇವತ್ತಿಗೂ ಇದ್ದಾರೆ. ಜನ ಸುಮ್ಮನೆ ಎರಡು ಸಾಲಾಗಿ ನಿಂತು ದಾರಿ ಬಿಟ್ಟರು, ಆ ದಾರಿ ಮಂಟಪಕ್ಕೆ ಹೋಗುತ್ತಿತ್ತು. ಹಾತೆ ಹೊಕ್ಕಿದ್ದಕ್ಕಲ್ಲ, ಅದು ಬರೀ ಹುಳ ಅಂತ ಗೊತ್ತಿದ್ದದ್ದಕ್ಕೆ. ದೊರೆ ಉಟ್ಟ ಬಟ್ಟೆಯಲ್ಲಿ ನಡೆದ. ಹಿಂದೆ ಜೋಯಿಸ. "ಸ್ವಲ್ಪ ಕೆಂಡ..." ಅಂದ ಜೋಯಿಸ. ಬೀಗದ ಕಾವಲಿನವನೇ ಮುಖ ತಿರುಗಿಸಿ, "ಕೆಂಡ ಜವಂದು ಕಣಯ್ಯ," ಅಂದನಂತೆ.

ಏಳು ಬೀಗ ಒಡೆದರು. ಏಳು ಒಲೆ ಹೊತ್ತಿಸಿದರು. ಮೂಡ್ಲಿಯನ್ನು ಕಂಬಳಿಯಲ್ಲಿ ಹೊತ್ತು ತಂದು, ಒಣ ನೆಲದಲ್ಲಿ ಮಲಗಿಸಿ, ಒಣಶುಂಠಿ ಕಷಾಯ ಕುಡಿಸಿದರು. ಬೆಳಗಾದಾಗ ಅವಳು ಕಣ್ಣು ತೆರೆದು, "ಯವ್ವಾ, ಕೂಸೆಲ್ಲಿ?" ಅಂದಳು. ಜುಂಜಕ್ಕ ಗಂಡ ಸತ್ತಾಗ ಅಳದೆ ಇಟ್ಟುಕೊಂಡಿದ್ದ ಅಳುವನ್ನೆಲ್ಲ ಆಗ ಅತ್ತಳು.

ಆ ಊರಿನಲ್ಲಿ ಈಗ ಪ್ರತಿ ಗೂಡಿಗೂ ಸಣ್ಣ ಕಂಡಿಯ ಬಿಲ್ಲೆ. ದಾರಿ ತಪ್ಪಿ ಯಾವುದಾದರೂ ಹಾತೆ ಮನೆಯೊಳಗೆ ಬಂದರೆ ಹೆಂಗಸರು ಕಿರುಚುವುದಿಲ್ಲ. "ಬಂದ್ಯಾ ತಾಯಿ, ಎಳ್ಳಿನ ಮಗಳೇ," ಅಂತ ಹೊಸ್ತಿಲ ಮೇಲೆ ಒಂದು ಹನಿ ಜೇನು ಇಡುತ್ತಾರಂತೆ. ಹೊಟ್ಟೆ ತುಂಬುವಷ್ಟು ನೆಕ್ಕಿ ಅದು ಹೊಲಕ್ಕೆ ಹೋಗುತ್ತದೆ. ಬೆನ್ನ ಮೇಲಿನ ಬುರುಡೆ ಮಾತ್ರ ಹಾಗೆಯೇ ಇದೆ. ಅದು ಜವನ ಮುಖವಲ್ಲ, ಮಂಟಪದಲ್ಲಿ ಸತ್ತವರ ಮುಖ, ಮರೆಯಬೇಡಿ ಅಂತ ಹೊತ್ತುಕೊಂಡು ತಿರುಗುತ್ತದೆ ಅನ್ನುತ್ತಾರೆ.

ಅವರು ಅಲ್ಲಿ ಎಳ್ಳುಂಡೆ ತಿಂದುಕೊಂಡು ತಮ್ಮ ತಮ್ಮ ಮನೆಯೊಳಗೆ ಬೆಚ್ಚಗಿದ್ದಾರಂತೆ. ನಾವು ಇಲ್ಲಿ ಇನ್ನೂ ದೊರೆಯ ಅಂಗಳದಲ್ಲಿ, ಚಿಟಿಕೆ ಪ್ರಸಾದಕ್ಕೆ ಕೈಯೊಡ್ಡಿ ನಿಂತಿದ್ದೇವೆ.